ಐವತ್ತೆಂಟರ ಬೀಗ

ಮಧುಶ್ರೀಯನ್ನು ನಾನು ಮೊದಲು ನೋಡಿದ್ದು ಹುಣಸೂರಿನ ಪಕ್ಕದ ಅವರ ಹಳ್ಳಿಯಲ್ಲಿ, ಒಂದು ಸೆಪ್ಟೆಂಬರ್ ಭಾನುವಾರ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಹೆಣ್ಣು ನೋಡಲು ಹೋದ ನಮ್ಮ ಮುಂದೆ ಉಪ್ಪಿಟ್ಟು ಬಂತು, ಕಾಫಿ ಬಂತು, ಹೆಣ್ಣು ಬರಲಿಲ್ಲ. ಆ ಬಿಡುವಿನಲ್ಲಿ ನಮ್ಮ ಅಪ್ಪ ವಂಶದ ಮೊಟ್ಟಮೊದಲ ಪದವೀಧರನಾದ ನನ್ನ ಗುಣಗಾನ ಮಾಡಿ, ಬಿ.ಎ.ಯಲ್ಲಿ ಅರವತ್ತೆಂಟು ಪರ್ಸೆಂಟು ಎಂದು ಮಂಗಳ ಹಾಡಿದರು. (ನಾನು ನೆಲ ನೋಡಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.) ಆಗ ಹಿಂಬಾಗಿಲಿನಿಂದ ಅವಳು ಬಂದಳು. ರೇಷ್ಮೆ ಸೀರೆ, ಹಣೆಯ ಮೇಲೆ ಮಸಿ, ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು. ಸೌದೆಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಿಂದ ನೇರವಾಗಿ ಬಂದಿದ್ದಳು.

"ನಾಕ್ ಗಂಟೆಗೆ ಕಾವು ನೋಡ್ಬೇಕು. ಅಷ್ಟ್ರೊಳ್ಗೆ ಕೇಳೋದ್ ಕೇಳ್ಬುಡಿ" ಎಂದಳು.

ನನಗೆ ಕೇಳಲು ಏನೂ ಉಳಿದಿರಲಿಲ್ಲ. ಅಲ್ಲೇ ಒಪ್ಪಿಬಿಟ್ಟೆ.

ಈಗ ಆರು ವರ್ಷವಾಯಿತು. ನಮ್ಮ ಬ್ಯಾರನ್ನು ಅವಳ ಸಾಮ್ರಾಜ್ಯ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ನನ್ನ ಸಾಮ್ರಾಜ್ಯ ಗೆಳೆಯರ ಸಂಘದ ವೆಬ್‌ಸೈಟು. ಅದರ ನೋಟೀಸು, ಫೋಟೋಗಳನ್ನೆಲ್ಲ ಇಟ್ಟಿರುವ ಫೈಲ್ ಮ್ಯಾನೇಜರ್ ಎಂಬ ಉಗ್ರಾಣಕ್ಕೆ ಜಗತ್ತಿನಲ್ಲಿ ನಾನೊಬ್ಬನೇ ಉಗ್ರಾಣಿ. ಬ್ರೌಸರಿನಲ್ಲಿ ಹೆಸರು, ಪಾಸ್‌ವರ್ಡು ಕೊಟ್ಟರೆ ಬಾಗಿಲು ತೆರೆಯುತ್ತದೆ.

ಕಳೆದ ಶುಕ್ರವಾರ ಮಧ್ಯಾಹ್ನ ಸಂಘದ ಅಧ್ಯಕ್ಷರಾದ ಮಹದೇವಪ್ರಸಾದ್ ಫೋನ್ ಮಾಡಿದರು. ಸರಗೂರಿನ ಕಣ್ಣಿನ ಶಿಬಿರ ಇರುವುದು ಭಾನುವಾರ. ನಾನು ಏರಿಸಿದ್ದ ನೋಟೀಸಿನಲ್ಲಿ ಶನಿವಾರ ಎಂದಿತ್ತು. ಅದರ ಲಿಂಕು ಅಂತರಸಂತೆ ಕಡೆಯ ಹಳ್ಳಿಗಳಿಗೆಲ್ಲ ಹೋಗಿಯಾಗಿತ್ತು. ಸಂಜೆ ಊರೂರಿನ ಹುಡುಗರು ಅದನ್ನು ತೆರೆದು ಹಿರಿಯರಿಗೆ ಓದಿ ಹೇಳುವವರಿದ್ದರು. ಸಂಜೆಯೊಳಗೆ ನೋಟೀಸು ಬದಲಾಗದಿದ್ದರೆ ಅರವತ್ತು ಎಪ್ಪತ್ತು ಮಂದಿ ಮುದುಕ ಮುದುಕಿಯರು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಬೀಗ ಹಾಕಿದ ಕಲ್ಯಾಣ ಮಂಟಪವನ್ನು ಮಸುಕಾಗಿ ನೋಡಿಕೊಂಡು ಹಿಂದಿರುಗಬೇಕಿತ್ತು. ಅವರಲ್ಲಿ ನನ್ನ ಸೋದರತ್ತೆ ದೊಡ್ಡತಾಯಮ್ಮನೂ ಒಬ್ಬರು. (ಅವರಿಗೆ ಮಂಜಾಗಿರುವುದು ಕಣ್ಣು ಮಾತ್ರ, ನಾಲಗೆಯಲ್ಲ.)

ಲ್ಯಾಪ್‌ಟಾಪ್ ತೆರೆದು ಕುಳಿತೆ. ಪಾಸ್‌ವರ್ಡಿನ ಜಾಗದಲ್ಲಿ ಬ್ರೌಸರೇ ನೆನಪಿಟ್ಟುಕೊಂಡು ಚುಕ್ಕೆಗಳನ್ನು ತುಂಬಿತು. ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ. ಐದನೆಯ ಸಲಕ್ಕೆ, ಮೂವತ್ತು ನಿಮಿಷ ಬಿಟ್ಟು ಪ್ರಯತ್ನಿಸಿ ಎಂಬ ಸಾಲು ತೋರಿಸಿ ಬೀಗ ಜಡಿಯಿತು. ಪಾಸ್‌ವರ್ಡ್ ಮರೆತಿರಾ ಎಂಬುದನ್ನು ಒತ್ತಿದರೆ ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ ಎಂಬ ಉತ್ತರ ಬಂತು. ಅಡ್ಮಿನ್ ನಾನೇ. ಆದರೂ ಪದವೀಧರ ಸುಮ್ಮನೆ ಕೂರುತ್ತಾನೆಯೇ? ರೂಟರ್ ಆರಿಸಿ ಹಚ್ಚಿದೆ, ಲ್ಯಾಪ್‌ಟಾಪಿನ ಬೆನ್ನು ತಟ್ಟಿದೆ, ಐದು ನಿಮಿಷಕ್ಕೊಮ್ಮೆ ಒತ್ತುತ್ತಲೇ ಇದ್ದೆ.

ನೋಟ್‌ಬುಕ್ಕು ಹಿಡಿದು ಒಳಬಂದ ಮಧುಶ್ರೀ ಬೆನ್ನ ಹಿಂದೆ ನಿಂತು ಪರದೆಯನ್ನು ಓದಿದಳು.

"ರೀ, ನೀವ್ ಒತ್ತುದಾಗ್ಲೆಲ್ಲ ಆ ಮೂವತ್ತು ನಿಮ್ಸ ಮೊದ್ಲಿಂದ ಸುರುವಾಯ್ತಾ ಅದೆ. ಬ್ಯಾರನ್ ಬಾಗ್ಲ ಗಳ್ಗೆಗೊಂದ್ಸಲ ತೆಗುದ್ರೆ ಕಾವು ನಿಂತದಾ? ಎದ್ ಬನ್ನಿ."

"ಇದು ತಾಂತ್ರಿಕ ವಿಷ್ಯ ಕಣೇ."

"ಅಂಗಾದ್ರೆ ಬಂದು ಸೌದೆ ಹಾಕಿ. ಅದು ತಾಂತ್ರಿಕ ಅಲ್ಲ."

ಅರ್ಧ ಗಂಟೆ ಸೌದೆ ಹಾಕಿದೆ. ಮರಳಿ ಬಂದಾಗ ಬೀಗದ ಸಾಲು ಮಾಯವಾಗಿತ್ತು. ನನ್ನ ಬೆರಳು ಒತ್ತಲು ಹೊರಟಿತು, ಅವಳು ತಡೆದಳು. ಏನು ಒತ್ತುತ್ತಿದ್ದೇವೆ ಎಂದು ಮೊದಲು ನೋಡಬೇಡವೇ ಎಂದು ಕೇಳಿ, ಚುಕ್ಕೆಗಳ ಪಕ್ಕದ ಕಣ್ಣಿನ ಗುರುತನ್ನು ಮುಟ್ಟಿದಳು. ನನಗೆ ಎರಡು ಗಂಟೆಯಿಂದ ಕಾಣದ ಕಣ್ಣು ಅದು. ಚುಕ್ಕೆಗಳು ಅಕ್ಷರಗಳಾದವು: ನನ್ನ ಹೆಸರು, ಬಿ.ಎ., ಐವತ್ತೆಂಟು.

"ಐವತ್ತೆಂಟು ಅಂದ್ರೆ ಏನ್ರೀ?"

ನಾನು ನೆಲ ನೋಡಿದೆ. ಈ ಸಲ ಯಾರೂ ಅದನ್ನು ವಿನಯ ಎಂದುಕೊಳ್ಳಲಿಲ್ಲ.

"ಅದು ಅರವತ್ತೆಂಟು ಎಂಗಾಯ್ತು ಅಂತ ಮಾವ ಬಂದ್ಮೇಲೆ ಇಚಾರಿಸ್ಕತೀನಿ. ಇದು ಹಳೇದಿರ್ಬೇಕು. ಈಚೆಗೆ ಬದ್ಲಾಯಿಸಿದ್ರಾ?"

ಆಗ ನೆನಪಾಯಿತು. ಹಿಂದಿನ ವಾರ ಬ್ಯಾರನ್ ಕಾವಲು ಕೂತು ಮೊಬೈಲಿನಲ್ಲೇ ನೋಟೀಸು ಏರಿಸಿದ್ದೆ. ಪಾಸ್‌ವರ್ಡು ಹಳೆಯದಾಯಿತು, ಬದಲಿಸಿ ಎಂದು ಅದು ಕೇಳಿತ್ತು, ಬದಲಿಸಿದ್ದೆ. ಮೊಬೈಲಿಗೆ ಹೊಸದು ಗೊತ್ತಾಗಿ, ಲ್ಯಾಪ್‌ಟಾಪು ಪಾಪ ಹಳೆಯದನ್ನೇ ನಂಬಿಕೊಂಡಿತ್ತು. ಮೊಬೈಲನ್ನು ಹುಡುಕಿದರೆ ಅದು ಮಂಗಳವಾರವೇ ನೀರಿನ ತೊಟ್ಟಿಗೆ ಬಿದ್ದು, ರಿಪೇರಿಗೆ ಹುಣಸೂರಿನಲ್ಲಿತ್ತು. ಅಧ್ಯಕ್ಷರು ಫೋನ್ ಮಾಡಿದ್ದೂ ಅವಳ ನಂಬರಿಗೇ. ಹೊಸ ಪಾಸ್‌ವರ್ಡನ್ನು ಎಲ್ಲೋ ಬರೆದಿದ್ದೆ. ಎಲ್ಲಿ?

ಮಧುಶ್ರೀ ನೋಟ್‌ಬುಕ್ಕಿನ ಹಾಳೆ ತಿರುವಿ ನನ್ನ ಮುಂದಿಟ್ಟಳು. ನೂರ ನಲವತ್ತೈದು ಡಿಗ್ರಿ, ನೂರ ಐವತ್ತು ಡಿಗ್ರಿ, ಅದರ ಕೆಳಗೆ ನನ್ನ ಕೈಬರಹದಲ್ಲಿ ಹತ್ತಕ್ಷರದ ಇಂಗ್ಲಿಷು.

"ಕಾವು ಬರೆಯೋ ಜಾಗ್ದಲ್ಲಿ ಏನಿದು ಅಂತ ಅವತ್ತೇ ಕೇಳ್ದೆ. ವೈಜ್ಞಾನಿಕ ಅಳತೆ ಅಂದ್ರಿ. ಆ ಸಲದ ಸೊಪ್ಪು ಕಪ್ಪಾಯ್ತು."

ನಾಲ್ಕೂ ಮುಕ್ಕಾಲಿಗೆ ಶನಿವಾರ ಹೋಗಿ ಭಾನುವಾರ ಬಂತು. ದೊಡ್ಡತಾಯಮ್ಮ ಸರಿಯಾದ ದಿನ ಬಂದು ಕಣ್ಣು ತೋರಿಸಿಕೊಂಡು ಹೋದರು. ನಮ್ಮ ಅಪ್ಪ ಆ ಸಂಜೆಯಿಂದ ಸೊಸೆಯನ್ನು ಕಾಫಿ ಕೇಳುವಾಗ ದನಿ ತಗ್ಗಿಸುತ್ತಾರೆ.

ಪಾಸ್‌ವರ್ಡು ಮತ್ತೆ ಬದಲಾಗಿದೆ, ಅದು ನನಗೆ ಗೊತ್ತಿಲ್ಲ. ಸೌದೆ ಹಾಕುವುದು ನಾನು. ಮಧುಶ್ರೀ ಈಗ ಬ್ಯಾರನ್ನಿನ ಜೊತೆಗೆ ಸಂಘದ ವೆಬ್‌ಸೈಟನ್ನೂ ನೋಡಿಕೊಳ್ಳುತ್ತಾಳೆ.