ಬಿಡ್ರಿ, ಬಿಡಬ್ಯಾಡ್ರಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಗೋಡೆಗೆ ಕಾಲು ಹಚ್ಚಿ ಅಂಗೈ ಮೇಲೆ ನಿಲ್ಲುವ ಏಕೈಕ ಸೊಸೆ ನಾನು! ಆದರೆ ಸುಮ್ಮನೆ ನೆಟ್ಟಗೆ ನಿಲ್ಲುವುದು ಸಾಮಾನ್ಯರ ಕೆಲಸ ಎಂದು ಇತ್ತೀಚೆಗೆ ಅನಿಸತೊಡಗಿತ್ತು. ಗೋಡೆಯ ಹಂಗಿಲ್ಲದೆ ನಿಂತು ಕಾಲನ್ನು ಕತ್ತರಿಯಂತೆ ಅಗಲಿಸಬೇಕು, ಮೊಣಕಾಲು ಮಡಚಬೇಕು. "ಬರೂ ವಾರ ಮಾಡಿ ತೋರಸ್ತೀನಿ" ಎಂದು ಯೋಗ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟಿದ್ದೆ.

"ಹಿಡ್ಕೊಳ್ಳಾಕ ಒಬ್ರು ಬೇಕ್ರಿ ಅಕ್ಕಾರ," ಎಂದು ಟೀಚರು ಎಚ್ಚರಿಸಿದ್ದರು.

ಸುರಕ್ಷತೆಗೆ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ಮನೆಯ ಗಾದಿಗಳನ್ನೆಲ್ಲ ಎದುರಿಗೆ ಹಾಸಿದೆ. ಶೇಂಗಾ ವ್ಯಾಪಾರಿಯಾದ ನಮ್ಮ ಯಜಮಾನರನ್ನು ರಕ್ಷಣಾ ಮಂತ್ರಿಯಾಗಿ ನೇಮಿಸಿದೆ. ಚೀಲ ಹಿಡಿದು ಪಳಗಿದ ಕೈ!

"ನಾ 'ಬಿಡ್ರಿ' ಅನ್ನೂಮಟ ಕಾಲು ಬಿಡಬಾರ್ದು. ತಿಳೀತಿಲ್ಲೊ?"

"ತಿಳೀತು. ಜಲ್ದಿ ಏಳು."

ಎದ್ದೆ. ಕಾಲು ಮೇಲೆ ಹೋದವು, ಅವರು ಹಿಡಿದರು. ಲೋಕವೆಲ್ಲ ತಲೆಕೆಳಗಾಗಿ ಎಷ್ಟು ಚೆಂದ ಕಾಣುತ್ತಿತ್ತು! ಅಷ್ಟರಲ್ಲಿ ಅವರ ಫೋನು ರಿಂಗಾಯಿತು.

ನನ್ನ ಎರಡೂ ಕಾಲನ್ನು ಒಂದು ಕಂಕುಳಲ್ಲಿ ಅದುಮಿಕೊಂಡು, ಸ್ಪೀಕರ್ ಹಾಕಿ, "ಹೇಳ್ರಿ" ಎಂದರು.

"ಸಾವಕಾರ, ಮುಂಡರಗಿಯಿಂದ ಶೇಂಗಾ ಲಾರಿ ಬಿಡಲೇನ್ರಿ?"

"ಬಿಡ್ರಿ, ಬಿಡ್ರಿ!"

"ಬಿಡಬ್ಯಾಡ್ರಿ!" ಎಂದು ಚೀರಿದೆ.

"ಯಾಕ್ರಿ, ಬಿಡಬ್ಯಾಡಂತೀರಿ?" ಎಂದಿತು ಫೋನಿನ ದನಿ.

"ಅಲ್ಲೋ ಮಾರಾಯ, ನೀ ಬಿಡು!" ಎಂದರು ಯಜಮಾನರು.

"ಬಿಡಬ್ಯಾಡ್ರೀ!"

ಲಾರಿ ಹೊರಟಿತೋ ನಿಂತಿತೋ ದೇವರೇ ಬಲ್ಲ. ನನ್ನ ಕೈ ಮಾತ್ರ ಇನ್ನು ಭಾರ ತಾಳಲಾರೆವು ಎಂದವು. ಕೊನೆಗೆ ಸೋತು, "ಆತು, ಬಿಡ್ರಿ!" ಎಂದೆ.

"ಕೇಳ್ದಿ? ಮನ್ಯಾಗೂ ಒಪ್ಪಿದ್ರು, ಬಿಡು ಲಾರಿ!" ಎಂದು ಹಿಗ್ಗಿದ ಯಜಮಾನರು ನನ್ನ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು!

ನನ್ನ ಚೀರಾಟಕ್ಕೆ ಅತ್ತೆ ಅಡುಗೆಮನೆಯಿಂದ ಓಡಿಬಂದರು. ಮಗ ಸೊಸೆಯ ಕಾಲು ಹಿಡಿದು ಜೋತುಬಿಟ್ಟ ದೃಶ್ಯ ಕಂಡರು. "ಅಯ್ಯೋ ನನ್ನ ಶಿವನ! ಹೊಟ್ಟೀಲಿ ಹುಟ್ಟಿದಾವ ಹಿಂಗಾದನಲ್ಲೋ!" ಎನ್ನುತ್ತಲೇ ಕಸಬರಿಗೆ ಎತ್ತಿ ಮಗನ ಬೆನ್ನಿಗೆ ಬಾರಿಸಿದರು.

ಯಜಮಾನರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಗಾದಿಗಳು ಎದುರಿಗಿದ್ದವು. ನಾನು ಪಕ್ಕಕ್ಕೆ ಬಿದ್ದೆ.

ಪಕ್ಕದ ಮನೆ ಶಾಂತವ್ವ ಬರುವಷ್ಟರಲ್ಲಿ ಅತ್ತೆ ನನ್ನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಅಳುತ್ತಿದ್ದರು. "ಬಂಗಾರದಂಥಾ ಸೊಸಿ ಶಾಂತವ್ವ! ಎದುರು ಮಾತಾಡಿದಾಕಿ ಅಲ್ಲ."

ಮದುವೆಯಾದಾಗಿನಿಂದ ಈ ಮಾತು ಕೇಳಲು ಕಾದಿದ್ದೆ. ಈಗ ಬಾಯಿ ಬಿಡುವುದು ಹೇಗೆ? ಕಣ್ಣು ಮುಚ್ಚಿ, "ಯವ್ವಾ" ಎಂದು ನರಳಿದೆ.

"ಖರೆ ಹೇಳ! ಹಿಡೀರಿ ಅಂದಾಕಿ ನೀನಲ್ಲೇನು?" ಯಜಮಾನರ ಕಣ್ಣಲ್ಲಿ ನೀರಿತ್ತು.

ಪಾಪ ಅನಿಸಿತು. ಹೇಳಿಬಿಟ್ಟೆ.

ಅತ್ತೆಯ ಅಳು ತಟ್ಟನೆ ನಿಂತಿತು. "ಅಂದ್ರ, ನೀನ ಕೇಳಿ ಜೋತಾಡಿದಿ?"

ನನ್ನ ತಲೆ ತೊಡೆಯಿಂದ ನೆಲಕ್ಕೆ ಇಳಿಯಿತು. "ನಡಿ ಶಾಂತವ್ವ, ಚಾ ಕುಡಿಯೋಣು. ಏಳೋ ಮಗನ, ನೀನೂ ಬಾ."

ಅಡುಗೆಮನೆಯಿಂದ ಕಪ್ಪುಬಸಿಯ ಸದ್ದು, ಮೂವರ ನಗು. ಅದರಲ್ಲಿ ಯಜಮಾನರದೇ ಜೋರು.

"ಅತ್ತಿ, ನನಗೂ ಒಂದೀಟು ಚಾ ಇಡ್ರಿ," ಎಂದು ಮಲಗಿದಲ್ಲಿಂದಲೇ ಕೂಗಿದೆ.

"ಎದ್ದು ಎರಡು ಕಾಲ ಮ್ಯಾಲೆ ನಿಂತು ಬಾ, ಕೊಡ್ತೀನಿ!"

ಅಷ್ಟು ಕಠಿಣವಾದ ಆಸನ ಆ ದಿನ ನನಗೆ ಸಾಧ್ಯವಾಗಲಿಲ್ಲ.