ಹಿತ್ತಾಳೆ ಕೊರಳಿನ ಹಕ್ಕಿ

ಮನುಷ್ಯರ ಚರಿತ್ರೆ ಬರೆದವರು ರಾಜರ ಬಗ್ಗೆ ಬರೆದಿದ್ದಾರೆ, ಯುದ್ಧಗಳ ಬಗ್ಗೆ ಬರೆದಿದ್ದಾರೆ, ಪ್ಲೇಗಿಗೂ ಭೂಕಂಪಕ್ಕೂ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಕೆಮ್ಮಿಗೆ ಮಾತ್ರ ಒಂದು ಸಾಲೂ ಇಲ್ಲ. ಇದು ದೊಡ್ಡ ಅನ್ಯಾಯ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಒಂದು ಕೆಮ್ಮು ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಒಯ್ದೀತು ಎಂಬುದಕ್ಕೆ ಬೀಗದಣ್ಣನ ಭಾನುವಾರವೇ ಸಾಕ್ಷಿ.

ಬೀಗದಣ್ಣ ಬೀಗ ರಿಪೇರಿಯವನು. ಕೀ ಕಳೆದುಕೊಂಡವರು ಮೆಟ್ಟಿಲ ಮೇಲೆ ಕೂತು ಅವನ ದಾರಿ ಕಾಯುತ್ತಿದ್ದರು. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಮುಚ್ಚಿಕೊಳ್ಳುತ್ತಿದ್ದರು. ಪಟ್ಟಣದ ಅರ್ಧ ಮನೆಗಳ ಬಾಗಿಲು ಅವನ ಕೈಯಲ್ಲಿ ತೆರೆದಿತ್ತು. ಒಂದರ ಒಳಗೂ ಅವನು ಕೂತು ಬಂದಿರಲಿಲ್ಲ. ಹೆಸರಿಗೆ ಬೀಗದಣ್ಣ, ಬೀಗರು ಬಿಜ್ಜರು ಯಾರೂ ಇಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಅದನ್ನು ಸರಿಮಾಡುವುದು ಅವನಿಗೆ ಎಡಗೈ ಕೆಲಸ. ಸಂಜೆಯ ಹೊತ್ತು ಏನಾದರೊಂದು ಸದ್ದಿರಲಿ ಎಂದು ಬೇಕೆಂದೇ ಹಾಗೆ ಬಿಟ್ಟಿದ್ದ.

ಪಕ್ಕದ ಮನೆಯ ಟೀಚರಮ್ಮ ಕೆಲಸದಿಂದ ನಿವೃತ್ತರಾಗಿದ್ದರು, ಗದರುವುದರಿಂದ ಆಗಿರಲಿಲ್ಲ.

“ಹೀಗೇ ಕೂತಿದ್ರೆ ನಿನಗೇ ತುಕ್ಕು ಹಿಡಿಯುತ್ತೆ ಕಣಪ್ಪಾ. ಭಾನುವಾರ ನಮ್ಮ ತಂಡದ ಜೊತೆ ಬಾ. ದ್ರಾಕ್ಷಿ ತೋಟದಲ್ಲಿ ನಡಿಗೆ, ಕಾಡುಹಕ್ಕಿ ನೋಡೋದು. ಎಲ್ಲಾ ಒಳ್ಳೇ ಜನ.”

ಹಕ್ಕಿಯ ಮಾತು ಬೀಗದಣ್ಣನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟಿತು. ‘ಜನ’ ಎಂಬುದು ಮಾತ್ರ ಒಳಗೇ ನಿಂತಿತು. ಭಾನುವಾರ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿದ, ಗಡ್ಡ ಹೆರೆದುಕೊಂಡ, ಕನ್ನಡಿಯ ಮುಂದೆ ನಿಂತು ಮಾತಿಗೆ ವಿಷಯ ಜೋಡಿಸಿಕೊಂಡ: ಈ ಸಲದ ಬಿಸಿಲು, ಮಂಡಿನೋವು, ಕಳ್ಳರ ಬುದ್ಧಿವಂತಿಕೆ. ಯಾರಾದರೂ ಒಬ್ಬರು ‘ಮನೆಗೆ ಬನ್ನಿ’ ಅಂದರೆ ಸಾಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ತೋಟದ ಗೇಟಿನಲ್ಲಿ ಯಜಮಾನ ಕೈ ಮುಗಿದು ನಿಂತಿದ್ದ. “ಇಲ್ಲಿ ಒಂದೇ ನಿಯಮ. ಮಾತಾಡೋ ಹಾಗಿಲ್ಲ. ಪಿಸುಮಾತೂ ಬೇಡ. ಹಕ್ಕಿಗಳಿಗೆ ಮನುಷ್ಯರ ದನಿ ಅಂದ್ರೆ ಭಯ.”

ಭಯವಾಗದೆ ಇನ್ನೇನು? ವಾರದ ಆರು ದಿನ ಅದೇ ಯಜಮಾನನ ಆಳುಗಳು ಹಣ್ಣು ಉಳಿಸಿಕೊಳ್ಳಲು ತಗಡಿನ ಡಬ್ಬ ಬಡಿದು, ‘ಹೋ’ ಎಂದು ಕೂಗಿ ಹಕ್ಕಿಗಳನ್ನು ಓಡಿಸುತ್ತಿದ್ದರು. ಏಳನೆಯ ದಿನ ಡಬ್ಬಗಳನ್ನು ಶೆಡ್ಡಿಗೆ ಸೇರಿಸಿ, ಟಿಕೆಟ್ ಕೊಂಡು ಬಂದವರಿಗೆ ಅವೇ ಹಕ್ಕಿಗಳನ್ನು ತೋರಿಸಬೇಕಿತ್ತು. ಹಕ್ಕಿಗಳಿಗೆ ವಾರದ ಲೆಕ್ಕ ಬರುತ್ತಿರಲಿಲ್ಲ.

ಸಾವಿನ ಮನೆಗೆ ಹೊರಟವರಂತೆ ತಂಡ ದ್ರಾಕ್ಷಿ ಸಾಲುಗಳ ನಡುವೆ ಸಾಗಿತು. ಕಂಡದ್ದು ಒಂದು ಕಾಗೆ. ಅದನ್ನು ಅವರೆಲ್ಲ ಮನೆಯ ಮುಂದೆಯೇ ನೋಡಿ ಬಂದಿದ್ದರು.

“ಈ ಸಲ ಬಿಸಿಲು...” ಎಂದು ಬೀಗದಣ್ಣ ಪಕ್ಕದವರ ಕಡೆ ಬಾಗಿದ.

“ಶ್!” ಎಂದರು ಟೀಚರಮ್ಮ.

“ಅಲ್ಲ, ಈ ಮಂಡಿ...”

“ಶ್ಶ್!”

ಕಳ್ಳರ ವಿಷಯ ಬಾಯಿಗೆ ಬರಲೇ ಇಲ್ಲ. ಅಷ್ಟರಲ್ಲಿ ಒಂದು ಪುಟ್ಟ ಹಸಿರು ಹಕ್ಕಿ ಕಲ್ಲುಕಂಬದ ತುದಿಯಲ್ಲಿ ಬಂದು ಕೂತಿತು. ತಂಡದ ಹಿರಿಯರೊಬ್ಬರ ಹೊಟ್ಟೆಯ ಮೇಲೆ ದೊಡ್ಡದೊಂದು ದುರ್ಬೀನು ಮಗುವಿನ ಹಾಗೆ ಮಲಗಿರುತ್ತಿತ್ತು. ಎಲ್ಲರೂ ಅವರನ್ನು ದುರ್ಬೀನು ದೊಡ್ಡಪ್ಪ ಎನ್ನುತ್ತಿದ್ದರು. ದೊಡ್ಡಪ್ಪ ಅದನ್ನೆತ್ತಿ ಕಣ್ಣಿಗಿಟ್ಟರು. ಎಲ್ಲರ ಉಸಿರು ನಿಂತಿತು. ಆ ಗಳಿಗೆಯಲ್ಲೇ, ಬೆಳಗಿನಿಂದ ನುಂಗಿಕೊಂಡಿದ್ದ ಮಾತುಗಳೆಲ್ಲ ಬೀಗದಣ್ಣನ ಗಂಟಲಲ್ಲಿ ನೂಕುನುಗ್ಗಲಾಗಿ, ಹಳೇ ಸ್ಕೂಟರು ಸ್ಟಾರ್ಟ್ ಆದ ಹಾಗೆ ಕೆಮ್ಮಾಗಿ ಸಿಡಿದವು.

ಹಕ್ಕಿ ಹಾರಿತು.

“ಅದನ್ನ ಮನೇಲೇ ಮುಗಿಸಿ ಬರಬಾರದಾ ಸ್ವಾಮಿ?” ದೊಡ್ಡಪ್ಪ ಹಲ್ಲು ಕಡಿದರು.

“ನನ್ನ ಮಾನ ಕಳೆದೆಯಲ್ಲೋ! ಹಿಂದೆ ಹೋಗು, ಹಿಂದೆ!” ಎಂದರು ಟೀಚರಮ್ಮ.

ಸಾಲಿನ ಕೊನೆಗೆ ಬಿದ್ದ ಬೀಗದಣ್ಣನಿಗೆ ಮುಂದಿನವರ ಬೆನ್ನುಗಳಷ್ಟೇ ಕಂಡವು. ಮುಚ್ಚಿದ ಬಾಗಿಲು ಅವನಿಗೆ ಹೊಸದಲ್ಲ. ನಡೆದಾಡುವ ಬಾಗಿಲು ನೋಡಿದ್ದು ಇದೇ ಮೊದಲು. ಬಾಯಿ ತಾನಾಗಿಯೇ ತೆರೆಯಿತು.

“ಅಲ್ಲಿ! ಆ ಚಪ್ಪರದೊಳಗೆ ಒಂದು ಹಕ್ಕಿ!”

ಬೆನ್ನುಗಳೆಲ್ಲ ಮುಖಗಳಾದವು.

“ಎಂಥದ್ದು? ಎಂಥದ್ದು?”

ಬೀಗದಣ್ಣ ಕಂಡಿದ್ದು ಬರೀ ಎಲೆ. ಹಕ್ಕಿಯ ಬಗ್ಗೆ ತಿಳಿಯದವನು ತನಗೆ ತಿಳಿದದ್ದರಿಂದಲೇ ಒಂದನ್ನು ಮಾಡಿದ. “ಮೈಯೆಲ್ಲ ಉಕ್ಕಿನ ಬಣ್ಣ. ಕೊರಳು ಮಾತ್ರ ಹಿತ್ತಾಳೆ, ಈಗಷ್ಟೇ ಉಜ್ಜಿದ ಹಾಗೆ. ಬಾಲ ಹಲ್ಲುಹಲ್ಲಾಗಿ ಕತ್ತರಿಸಿದ ಹಾಗಿತ್ತು.”

“ಹಿತ್ತಾಳೆ ಕೊರಳು!” ದೊಡ್ಡಪ್ಪ ಉದ್ಗರಿಸಿದರು. ದುರ್ಬೀನು ಹಿಡಿದು ಚಪ್ಪರವನ್ನು ನೋಡಿದರು, ನೋಡಿದರು. ಕಾಣಲಿಲ್ಲ ಎನ್ನಲು ಅವರ ದುರ್ಬೀನಿನ ಬೆಲೆ ಬಿಡಲಿಲ್ಲ. “ಹೌದು... ಬಾಲ ಕಂಡ ಹಾಗಾಯ್ತು!”

“ನನಗೂ ಮಿಂಚಿದ ಹಾಗಾಯ್ತು,” ಎಂದರು ಟೀಚರಮ್ಮ. “ಇವನನ್ನ ಕರ್ಕೊಂಡು ಬಂದಿದ್ದು ನಾನೇ!”

ನಿಯಮ ಮುರಿದುಬಿತ್ತು. ಬೀಗದಣ್ಣನಿಗೆ ಯಾರೋ ಶೆಡ್ಡಿನಿಂದ ಕುರ್ಚಿ ತಂದರು, ಯಾರೋ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಎಲ್ಲಿ ಮನೆ, ಒಬ್ಬರೇನಾ, ಅಡುಗೆ ಯಾರು ಮಾಡ್ತಾರೆ? ಇಷ್ಟು ಪ್ರಶ್ನೆಗಳನ್ನು ಅವನಿಗೆ ಹಿಂದೊಮ್ಮೆ ಪೊಲೀಸರು ಕೇಳಿದ್ದರು, ಇಷ್ಟು ಪ್ರೀತಿಯಿಂದಲ್ಲ. ಬಿಸಿಲಿನ ಬಗ್ಗೆ ಹೇಳಿದ, ಎಲ್ಲರೂ ತಲೆದೂಗಿದರು. ಮಂಡಿನೋವಿನ ಬಗ್ಗೆ ಹೇಳಿದ, ಮೂವರು ತಮ್ಮ ಮಂಡಿ ತೋರಿಸಿದರು.

“ಇವತ್ತು ಮಧ್ಯಾಹ್ನ ಎಲ್ಲರೂ ನಮ್ಮನೇಲೇ ಊಟ,” ಎಂದರು ದೊಡ್ಡಪ್ಪ. “ನೀವಂತೂ ಬರಲೇಬೇಕು. ಇಲ್ಲ ಅನ್ನೋ ಹಾಗಿಲ್ಲ.”

ಬೀಗದಣ್ಣನ ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ಅವನಿಗೆ ಕಂಡದ್ದು ಯಜಮಾನ. ಅವನು ಮಂಡಿಯೂರಿ, ಎಲೆ ಸರಿಸಿ, ಚಪ್ಪರದೊಳಗೆ ತಲೆ ತೂರಿಸುತ್ತಿದ್ದ. ಬೀಗದಣ್ಣ ಟೀ ಲೋಟ ಕೆಳಗಿಟ್ಟ. ಊಟ ಹೋಯಿತು, ಮಾನ ಹೋಯಿತು. ಇನ್ನು ಗೇಟು ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದ.

ಯಜಮಾನನ ತಲೆ ಹೊರಗೆ ಬಂತು. ಕೂದಲಲ್ಲಿ ಜೇಡರ ಬಲೆ. ಅವನು ಬೀಗದಣ್ಣನನ್ನೇ ಬಹಳ ಹೊತ್ತು ನೋಡಿದ.

“ಇದೆ,” ಎಂದ. “ಗೂಡು. ಮೊಟ್ಟೆನೂ ಇದೆ. ಯಾರೂ ಹತ್ತಿರ ಬರಬೇಡಿ.”

ಚಪ್ಪಾಳೆ ತಟ್ಟುವ ಹಾಗಿಲ್ಲವೆಂದು ಎಲ್ಲರೂ ಕೈಕೈ ಹಿಸುಕಿಕೊಂಡರು. ದೊಡ್ಡಪ್ಪ ಬೀಗದಣ್ಣನನ್ನು ತಬ್ಬಿದರು; ನಡುವೆ ದುರ್ಬೀನು ಚುಚ್ಚಿತು. ಸುಳ್ಳು ಹೇಳಿ ನಿಜ ಹುಟ್ಟಿಸಿದ ಬೀಗದಣ್ಣನಿಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ. ಯಜಮಾನ ಅವನ ಹೆಗಲು ಹಿಡಿದು ಪಕ್ಕಕ್ಕೆ ಕರೆದೊಯ್ದ.

“ಒಳಗೆ ಏನೂ ಇಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು,” ಎಂದ, ಕಿವಿಯ ಹತ್ತಿರ.

“ಮತ್ತೆ... ಇದೆ ಅಂದ್ರಲ್ಲ?”

“ತಿಂಗಳಿಂದ ಜನಕ್ಕೆ ಕಾಗೆ ತೋರಿಸ್ತಾ ಇದ್ದೀನಿ ಅಣ್ಣಾ. ನೋಡೋಕೆ ಬರೋರೇ ಕಮ್ಮಿಯಾಗಿದ್ರು. ದೇವರ ಹಾಗೆ ಬಂದ್ರಿ.” ಯಜಮಾನ ದನಿ ಇನ್ನೂ ತಗ್ಗಿಸಿದ. “ಆದ್ರೆ ಕಾವಲಿಗೆ ಒಬ್ಬರು ಬೇಕು. ಬೇರೆಯವರನ್ನ ಕೂರಿಸಿದ್ರೆ ಬಗ್ಗಿ ನೋಡಿಬಿಡ್ತಾರೆ. ನೀವಾದ್ರೆ ನೋಡೋದೇ ಬೇಡ.”

“ನನ್ನನ್ನ ಊಟಕ್ಕೆ ಕರೆದಿದ್ದಾರೆ...”

“ಹಾಗಾದ್ರೆ ಏನೂ ಇಲ್ಲ ಅಂತ ಹೇಳಿಬಿಡ್ಲಾ?”

ಬೀಗದಣ್ಣ ಬೇಡವೆಂದು ತಲೆಯಾಡಿಸಿದ.

ಚಪ್ಪರದ ಸುತ್ತ ದೂರಕ್ಕೆ ಹಗ್ಗ ಕಟ್ಟಿದರು. ನಡುವೆ ಒಂದು ಸ್ಟೂಲು ಹಾಕಿದರು. ಇನ್ನು ಮೇಲೆ ಪ್ರತಿ ಭಾನುವಾರ ಗೂಡಿನ ಕಾವಲು ಬೀಗದಣ್ಣನದೇ ಎಂದು ಯಜಮಾನ ಸಾರಿದಾಗ ಟೀಚರಮ್ಮನಿಗೆ ಆನಂದದಲ್ಲಿ ಅಳುವೇ ಬಂತು.

“ಒಂಟಿ ಜೀವ, ಮನೇಲಿ ಕಾಯೋರು ಯಾರಿದ್ದಾರೆ? ಇವನಿಗೆ ಹೇಳಿ ಮಾಡಿಸಿದ ಕೆಲಸ!”

“ಪುಣ್ಯವಂತರು ನೀವು,” ಎಂದರು ದೊಡ್ಡಪ್ಪ, ಹಗ್ಗದ ಆಚೆಯಿಂದ. “ನಮ್ಮನೆ ಊಟ ಎಲ್ಲಿಗೆ ಓಡಿಹೋಗುತ್ತೆ?”

“ಅಲ್ಲ ದೊಡ್ಡಪ್ಪಾ, ನಾನು...” ಎಂದು ಬೀಗದಣ್ಣ ಅರ್ಧ ಎದ್ದ.

ಇಡೀ ತಂಡ ತುಟಿಯ ಮೇಲೆ ಬೆರಳಿಟ್ಟಿತು.

ತಂಡ ದೊಡ್ಡಪ್ಪನ ಮನೆಗೆ ಊಟಕ್ಕೆ ಹೋಯಿತು. ಅಲ್ಲಿ ಮಧ್ಯಾಹ್ನವೆಲ್ಲ ಬೀಗದಣ್ಣನದೇ ಮಾತು. ಬೀಗದಣ್ಣ ಸಂಜೆಯವರೆಗೆ ಯಾರೊಡನೆಯೂ ಮಾತಾಡಲಿಲ್ಲ.