ಹಾರಾವತಿಯ ಸಾರ್ವಕಾಲಿಕ ಪ್ರೋಗ್ರಾಮರ್

ಬಹಳ ಹಿಂದೆ, ಕಂಪ್ಯೂಟರ್ ಬಂದು ತಲುಪಿ ಕರೆಂಟು ಇನ್ನೂ ಮನೆಗಳಿಗೆ ಬರುವ ದಾರಿಯಲ್ಲಿದ್ದ ಕಾಲದಲ್ಲಿ, ಹಾರಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದ ಮಗು ಕೂಡಲೇ ಅಳುತ್ತಿರಲಿಲ್ಲ. ಮೊದಲು ವೇದಿಕೆಯ ಮೇಲಿನ ಗಣ್ಯರಿಗೆ ವಂದಿಸಿ ಆಮೇಲೆ ಅಳುತ್ತಿತ್ತು. ಅಲ್ಲಿನ ಗಿಡಗಳು ಬಿಡಿ ಹೂ ಬಿಡುವುದನ್ನು ಮರೆತು ನೇರವಾಗಿ ಹಾರವನ್ನೇ ಬಿಡುತ್ತಿದ್ದವು. ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಸಂಶಯವಿದ್ದವರು ಆ ಗಿಡಗಳನ್ನೇ ಕೇಳಬಹುದು.

ಈ ರಾಜ್ಯವನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ವೇದಿಕಾವರ್ಮರು. ಅವರ ಆಸ್ಥಾನದಲ್ಲಿ ಶಾಮಿಯಾನ ಚನ್ನವೀರಪ್ಪ ಎಂಬೊಬ್ಬನಿದ್ದ. ಚಪ್ಪರ ಹಾಕಿಸುವುದು, ಮೈಕ್ ಇಡಿಸುವುದು, ಉದ್ಘಾಟನೆಯ ದೀಪ ಗಾಳಿಗೆ ಆರದಂತೆ ಅಡ್ಡ ನಿಲ್ಲುವುದು, ಶಾಲನ್ನು ಬೆಲೆಚೀಟಿ ಕಾಣದಂತೆ ಮಡಿಸಿಡುವುದು ಅವನ ಉದ್ಯೋಗ. ಒಮ್ಮೆ ಸನ್ಮಾನಿತರು ಸನ್ಮಾನಕ್ಕೆ ಕಾಯದೆ ತೀರಿಕೊಂಡಾಗ, ಬ್ಯಾನರಿನಲ್ಲಿ ಒಂದು ಪದ ಬದಲಿಸಿ, ಅದೇ ಅತಿಥಿಗಳಿಂದ, ಅದೇ ಭಾಷಣಗಳಲ್ಲಿ ಶ್ರದ್ಧಾಂಜಲಿ ಸಭೆ ನಡೆಸಿದ ಧೀರ.

ಒಂದು ದಿನ ಮಹಾರಾಜರು ಒಡ್ಡೋಲಗದಲ್ಲಿ ಚಿಂತಾಕ್ರಾಂತರಾಗಿ ಕುಳಿತಿದ್ದರು.

"ಅನ್ಯ ದೇಶಗಳಲ್ಲಿ ಸಾರ್ವಕಾಲಿಕ ಶ್ರೇಷ್ಠ ಕಂಪ್ಯೂಟರ್ ಪ್ರೋಗ್ರಾಮರುಗಳು ಇದ್ದಾರಂತೆ. ನಮ್ಮಲ್ಲಿ ಯಾರಿದ್ದಾರೆ?"

ಕಡೆಗೆ ಭಾಷಾಮಂತ್ರಿ ಶಬ್ದಭೂಷಣರು ಎದ್ದು ಗಂಟಲು ಸರಿಮಾಡಿಕೊಂಡರು.

"ಪ್ರೋಗ್ರಾಂ ಎಂದರೆ ಕಾರ್ಯಕ್ರಮ, ಪ್ರಭು. ಪ್ರೋಗ್ರಾಮರ್ ಎಂದರೆ ಕಾರ್ಯಕ್ರಮ ಮಾಡುವಾತ."

"ಮತ್ತೆ ಆ ಕಂಪ್ಯೂಟರ್?"

"ಅದು ಬರೀ ವಿಶೇಷಣ. ಆಹ್ವಾನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಮಾಡಿಸಿರಬೇಕು ಎಂದರ್ಥ."

ಇಡೀ ಆಸ್ಥಾನ ಚನ್ನವೀರಪ್ಪನ ಕಡೆ ತಿರುಗಿತು. ಅವನು ಆಗ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸುತ್ತಿದ್ದ.

ಆದರೂ ರಾಜ್ಯಾಡಳಿತ ಎಂದ ಮೇಲೆ ತುಲನಾತ್ಮಕ ಅಧ್ಯಯನ ಆಗಬೇಕು. ಮಂತ್ರಿಗಳು ಪರದೇಶದ ಸಾಧಕರ ಕೊಡುಗೆಗಳನ್ನು ಓದುತ್ತಾ ಹೋದರು.

"ಒಬ್ಬ ಮಹಿಳೆ, ಯಂತ್ರವೇ ಇನ್ನೂ ತಯಾರಾಗದಿದ್ದಾಗ ಅದಕ್ಕೆ ಪ್ರೋಗ್ರಾಂ ಬರೆದಿದ್ದರಂತೆ."

"ಪಾಯ ತೆಗೆಯೋ ಮುಂಚೆ ಆಸ್ಪತ್ರೆ ಉದ್ಘಾಟನೆ ಮಾಡ್ಸಿದೀನಿ, ಬುದ್ಧಿ," ಎಂದ ಚನ್ನವೀರಪ್ಪ.

"ಇನ್ನೊಂದು ಕಡೆ ಕೆಟ್ಟುನಿಂತ ಯಂತ್ರದೊಳಗೆ ಪತಂಗ ಸಿಕ್ಕಿತಂತೆ. ಅದನ್ನು ಹಿಡಿದು ಪುಸ್ತಕಕ್ಕೆ ಅಂಟಿಸಿದರಂತೆ."

"ಒಂದೇ ಹುಳಾನಾ, ಪಾಪ. ನಮ್ ಫೋಕಸ್ ಲೈಟಿಗೆ ಬೀಳೋವನ್ನೆಲ್ಲ ಅಂಟಿಸ್ತಾ ಕೂತ್ರೆ ಗ್ರಂಥಾಲಯನೇ ಕಟ್ಬೇಕಾಯ್ತದೆ."

"ಮತ್ತೊಬ್ಬಾಕೆ ತನ್ನ ತಂಡದೊಂದಿಗೆ ಚಂದ್ರನೌಕೆಗೆ ಬರೆದ ಪ್ರೋಗ್ರಾಮಿನ ಹಾಳೆಗಳನ್ನು ಪೇರಿಸಿಟ್ಟರೆ ಆಳೆತ್ತರ ಬಂತಂತೆ."

"ತಮ್ಮ ಪರಿಚಯ ಭಾಷಣ ಪೇರಿಸಿಟ್ರೆ ಹಿಂದೆ ನಿಂತ ಆನೆ ಕಾಣ್ಸಲ್ಲ, ಬುದ್ಧಿ."

"ಒಬ್ಬನಂತೂ ತಾನು ಬರೆದದ್ದನ್ನು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟನಂತೆ."

"ನಮ್ಮಲ್ಲೂ ಪ್ರವೇಶ ಉಚಿತ. ಮೇಲೆ ಉಪ್ಪಿಟ್ಟು."

ಮಹಾರಾಜರ ಕಣ್ಣಲ್ಲಿ ಆನಂದಬಾಷ್ಪ ಹರಿದು, ಮುಂದಿನ ಸಾಲಿನವರು ಪಂಚೆ ಎತ್ತಿ ಕಟ್ಟಬೇಕಾಯಿತು. ರಾಜಾಜ್ಞೆ ಹೊರಟಿತು: ಚನ್ನವೀರಪ್ಪನೇ ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ಶ್ರೇಷ್ಠ ಪ್ರೋಗ್ರಾಮರ್, ಅವನ ಪಟ್ಟಾಭಿಷೇಕವಾಗತಕ್ಕದ್ದು, ಅದರ ಪ್ರೋಗ್ರಾಮನ್ನೂ ಅವನೇ ಮಾಡತಕ್ಕದ್ದು.

ಚನ್ನವೀರಪ್ಪ ಗಾಳಿಯಲ್ಲಿ ತೇಲುತ್ತಾ ಕೆಳಪೇಟೆಯ ತನ್ನ ಮನೆಗೆ ಬಂದ. ನಡುಮನೆಯಲ್ಲಿ ಹೆಂಡತಿಯ ತಂಗಿ ಅಂಬುಜಾಕ್ಷಿ ಕೂತಿದ್ದಳು. ಊರ ಕೆರೆಯ ತೂಬುಗಳನ್ನು ತೆರೆದು ಮುಚ್ಚುವ ಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಅವಳು. ರಾಜ್ಯದಲ್ಲಿ ಆ ಕೆಲಸ ಬಲ್ಲವಳು ಅವಳೊಬ್ಬಳೇ. ಹಾಗೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

"ಏನ್ ಭಾವ, ಪ್ರೋಗ್ರಾಮರ್ ಆಗ್ಬಿಟ್ರಂತೆ?"

"ಸಾರ್ವಕಾಲಿಕ," ಎಂದ ಚನ್ನವೀರಪ್ಪ.

"ಹಂಗಾದ್ರೆ ಕೆಳಪೇಟೆಗೆ ನೀರು ಬಿಡಿ ನೋಡೋಣ. ಅಕ್ಕ ಪಾತ್ರೆ ತೊಳೆಯೋದು ಬಿಟ್ಟು ಬಟ್ಟೇಲಿ ಒರೆಸ್ತಾ ಇದಾಳೆ."

ವಿಷಯ ಇಷ್ಟೇ. ತೂಬು ತೆರೆಯುವ ಮೊದಲು ಯಂತ್ರವು ಮಹಾರಾಜರ ಬಿರುದಾವಳಿಯನ್ನು ಪೂರ್ತಿ ಉದ್ಘೋಷಿಸಬೇಕೆಂದು ಅಪ್ಪಣೆಯಾಗಿತ್ತು. ಬಿರುದುಗಳು ಹಬ್ಬಕ್ಕೊಂದರಂತೆ ಬೆಳೆದವು. ಯಂತ್ರದ ನೆನಪಿನ ಜಾಗ ಬೆಳೆಯಲಿಲ್ಲ. ಈಗ ಅದು ಮೇಲ್ಪೇಟೆಯ ತೂಬು ತೆರೆಯುವಷ್ಟರಲ್ಲಿ ಸುಸ್ತಾಗಿ, ಕೆಳಪೇಟೆಯ ಸರದಿಗೆ ಮೂರ್ಛೆ ಹೋಗುತ್ತಿತ್ತು.

"ಒಂದು ಬಿರುದು ಕಮ್ಮಿಯಾದ್ರೆ ಸಾಕು ಭಾವ. ಕೆಳಪೇಟೆ ತೂಬು ತೆರ್ಕೊಳ್ಳುತ್ತೆ."

"ನೀನೇ ಸದ್ದಿಲ್ದೆ ಒಂದು ತೆಗೆದುಬಿಡೇ."

"ಬಿರುದು ತೆಗೆದೋರ ತಲೆ ತೆಗೀತಾರೆ. ನಿಮ್ಮದು ಬೇರೆ. ಹಾರ ಬಿದ್ದ ಹೊತ್ತಲ್ಲಿ ಮಹಾರಾಜ್ರು ಯಾರು ಏನ್ ಕೇಳಿದ್ರೂ ಹೂಂ ಅಂತಾರೆ. ಮೈಕ್ ನಿಮ್ಮ ಕೈಲಿರುತ್ತೆ. ಒಂದೇ ಮಾತು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಖಾಲಿ ಕೊಡವನ್ನು ತಂದು ಗಂಡನ ಕಾಲ ಬಳಿ ಇಟ್ಟಳು. "ಆಗ್ಲಿ, ಹೇಳ್ತೀನಿ," ಎಂದು ಚನ್ನವೀರಪ್ಪ ಮಾತು ಕೊಟ್ಟ.

ಪಟ್ಟಾಭಿಷೇಕದ ವೇದಿಕೆ ಎಷ್ಟು ಉದ್ದವಿತ್ತೆಂದರೆ, ಈ ತುದಿಯ ಅತಿಥಿ ಬೆಳಗಿನ ಕಾಫಿ ಕುಡಿಯುವಾಗ ಆ ತುದಿಯ ಅತಿಥಿಗೆ ಸಂಜೆಯಾಗಿತ್ತು. ಸ್ವಾಗತ ಭಾಷಣ ಶುರುವಾದಾಗ ಹಚ್ಚಗಿದ್ದ ತೋರಣ, ಮುಗಿಯುವಾಗ ಒಲೆಗೆ ಹಾಕಲು ಲಾಯಕ್ಕಾಗಿತ್ತು. ಕೆಳಪೇಟೆಯವರೆಲ್ಲ ಬಂದಿದ್ದರು. ಅಂಬುಜಾಕ್ಷಿ ಮುಂದಿನ ಸಾಲಿನಲ್ಲೇ ಕೂತು ಭಾವನ ಬಾಯನ್ನೇ ನೋಡುತ್ತಿದ್ದಳು.

ಕೊರಳ ತುಂಬ ಹಾರ ಬಿದ್ದಿದ್ದ ಮಹಾರಾಜರು ಚನ್ನವೀರಪ್ಪನಿಗೂ ಹಾರ, ಶಾಲು ಹಾಕಿ ಕಿರೀಟ ತೊಡಿಸಿದರು. ಅವನು ಕೈಯಲ್ಲಿ ಮೈಕ್ ಹಿಡಿದ. ಎಷ್ಟೋ ಮೈಕುಗಳನ್ನು ಬೇರೆಯವರ ಬಾಯಿಯ ಎತ್ತರಕ್ಕೆ ಸರಿಮಾಡಿದವನು, ಅದರ ಎದುರು ತನ್ನ ಬಾಯಿ ತೆರೆದದ್ದು ಅದೇ ಮೊದಲು.

"ಬುದ್ಧಿ, ತಮ್ಮ ಬಿರುದುಗಳ ಬಗ್ಗೆ ಒಂದ್ ಮಾತು..."

ಅಂಬುಜಾಕ್ಷಿ ಕುರ್ಚಿಯ ತುದಿಗೆ ಬಂದಳು. ಮಹಾರಾಜರು ಅವನ ಕಡೆ ಬಾಗಿದರು.

"ಏನಪ್ಪ, ಕಡಿಮೆಯಾದವೇ?"

ಚನ್ನವೀರಪ್ಪನ ಕುತ್ತಿಗೆಯ ಹಾರದಲ್ಲಿ ಸುಗಂಧರಾಜ ಘಮ್ಮೆಂದಿತು. ಹೆಗಲ ಮೇಲಿನ ಶಾಲು ಬೆಚ್ಚಗಿತ್ತು. ಎಲ್ಲೋ ಹಿಂದಿನ ಸಾಲಿನಲ್ಲಿ ಹೆಂಡತಿ ಇದ್ದಳು. ಕಿರೀಟ ಕಣ್ಣಿನ ಮೇಲೆ ಜಾರಿದ್ದರಿಂದ ಅವಳು ಕಾಣಲಿಲ್ಲ.

"ಹೌದು ಬುದ್ಧಿ," ಎಂದ. "ಕಡಿಮೆಯಾದವು."

ಮಹಾರಾಜರು ಅಲ್ಲೇ 'ಪ್ರೋಗ್ರಾಮರ್‌ಕುಲಪೋಷಕ' ಎಂಬ ಹೊಸ ಬಿರುದನ್ನು ಧರಿಸಿದರು. ಮಂತ್ರಿಗಳು ಅದನ್ನು ಕೂಡಲೇ ಅಂಬುಜಾಕ್ಷಿಯ ಕೈಯಿಂದಲೇ ಯಂತ್ರಕ್ಕೆ ತಿನ್ನಿಸಿದರು. ಯಂತ್ರ ಅಕ್ಷರ ಅಕ್ಷರವಾಗಿ ಉದ್ಘೋಷಿಸುತ್ತಾ ಹೋಗಿ, 'ಕುಲ' ಎಂಬಲ್ಲಿ ನಿಂತಿತು. ಮೇಲ್ಪೇಟೆಯ ತೂಬೂ ತೆರೆಯಲಿಲ್ಲ. ಅಲ್ಲಿಗೆ ರಾಜ್ಯದಲ್ಲಿ ಸಮಾನತೆ ಬಂತೆಂದು ಅರಮನೆ ಪತ್ರಿಕಾ ಪ್ರಕಟಣೆ ಹೊರಡಿಸಿತು.

ಪರಿಹಾರಕ್ಕಾಗಿ ಶ್ರೇಷ್ಠ ಪ್ರೋಗ್ರಾಮರನ್ನೇ ಕೇಳಿದರು. "ಒಂದು ಪ್ರೋಗ್ರಾಂ ಮಾಡೋಣ, ಬುದ್ಧಿ," ಎಂದ ಚನ್ನವೀರಪ್ಪ. ಅವನಿಗೆ ಬರುತ್ತಿದ್ದದ್ದು ಅದೊಂದೇ.

ಅಂದಿನಿಂದ ಕೆರೆಯ ಏರಿಯ ಮೇಲೆ ಪ್ರತಿದಿನ ಪ್ರೋಗ್ರಾಂ. ಯಂತ್ರಕ್ಕೆ ವಿಶ್ರಾಂತಿ ಕೊಟ್ಟು, ಬಿರುದಾವಳಿ ಓದಲು ಅಂಬುಜಾಕ್ಷಿಯನ್ನು ನಿರೂಪಕಿಯಾಗಿ ನೇಮಿಸಿದ್ದಾರೆ. ಹುದ್ದೆಯ ಹೆಸರು ಸಹಾಯಕ ಪ್ರೋಗ್ರಾಮರ್. ಅವಳು ಓದಿ ಮುಗಿಸಿದ ಮೇಲೆ ಭಟರು ತೂಬನ್ನು ಕೈಯಲ್ಲೇ ಎತ್ತಿ ಹಿಡಿಯುತ್ತಾರೆ. ಸಭೆಯಲ್ಲಿ ಚಪ್ಪಾಳೆ ಕೇಳುವಷ್ಟು ಹೊತ್ತು ನೀರು ಹರಿಯುತ್ತದೆ. ಆದರೆ ನೀರು ಹಿಡಿಯುವವರು ಚಪ್ಪಾಳೆ ತಟ್ಟಲಾರರು, ಚಪ್ಪಾಳೆ ತಟ್ಟುವವರು ನೀರು ಹಿಡಿಯಲಾರರು. ಆದ್ದರಿಂದ ಮನೆಗೆ ಇಬ್ಬರಂತೆ ಬರಬೇಕೆಂದು ಕಟ್ಟಪ್ಪಣೆಯಾಗಿದೆ.

ಚನ್ನವೀರಪ್ಪನ ಹೆಂಡತಿ ಮಾತ್ರ ಒಬ್ಬಳೇ ಬರುತ್ತಾಳೆ. ಗಂಡ ವೇದಿಕೆಯ ಮೇಲೆ, ತಂಗಿ ಮೈಕಿನ ಮುಂದೆ. ಖಾಲಿ ಕೊಡವನ್ನು ಕಾಲ ಬಳಿ ಇಟ್ಟುಕೊಂಡು, ಅಕ್ಕಪಕ್ಕದವರ ಕೊಡಗಳು ತುಂಬುವವರೆಗೂ ಅವಳು ಚಪ್ಪಾಳೆ ತಟ್ಟುತ್ತಿರುತ್ತಾಳೆ.